ತಟ್ಟೆಯಲ್ಲಿದ್ದ ಐದು ನಿಂಬೆಹಣ್ಣು

ಅಜ್ಜಂಪುರದ ಆ ಅಂಗಡಿಯಲ್ಲಿ ಒಂದು ಮಾತನ್ನು ಆಡುವಂತಿರಲಿಲ್ಲ. ಅದು ‘ಇಲ್ಲ’ ಎಂಬ ಮಾತು. ಉಪ್ಪು ಮುಗಿದಿರಲಿ, ಹಸಿಮೆಣಸಿನಕಾಯಿ ಮುಗಿದಿರಲಿ, ಕೇಳಿದವರಿಗೆ ‘ನಾಳೆ ಬತ್ತದೆ’ ಎನ್ನಬೇಕು. ಬೇರೆ ಅಂಗಡಿಗಳಲ್ಲಿ ದೀಪ ಹಚ್ಚಿದ ಮೇಲೆ ಮಾತ್ರ ಈ ಕಟ್ಟಳೆ ಇತ್ತು. ನಮ್ಮ ಯಜಮಾನರು ಅದನ್ನು ಬೋಣಿಯಿಂದ ಹಿಡಿದು ಬಾಗಿಲು ಹಾಕುವವರೆಗೆ ಎಳೆದಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು, “ನೀನು ಇಲ್ಲ ಇಲ್ಲ ಅಂತ ಕೂತ್ರೆ ಲಕ್ಷ್ಮಿ ಅದನ್ನೇ ನಿಜ ಅಂದ್ಕೊಂಡು ಎದ್ದು ಹೋಯ್ತಾಳೆ ಕಣೋ” ಅಂದಿದ್ದರು.

ನಾನು ಆ ಪಾಠವನ್ನು ಚೆನ್ನಾಗಿಯೇ ಕಲಿತೆ. ಸೇರು ಹೋಗಿ ಕಿಲೋ ಬಂದ ಹೊಸತು ಅದು. ಹಳ್ಳಿಯವರು ಹೊಸ ತೂಕದ ಕಲ್ಲುಗಳನ್ನು ನೋಡಿ ಅನುಮಾನಪಟ್ಟು ಜಗಳಕ್ಕೆ ಬರುತ್ತಿದ್ದ ಕಾಲ. ಅಂಥವರನ್ನೂ ನಗಿಸಿ ಕಳಿಸುತ್ತಿದ್ದೆ. ನನ್ನ ಬಾಯಿ ಬೆಲ್ಲ ಎಂದು ಪೇಟೆಯಲ್ಲಿ ಹೆಸರಾಗಿತ್ತು. ಆ ಹೆಸರಿನ ಬಗ್ಗೆ ಆಗ ಹೆಮ್ಮೆಯಿತ್ತು. ಈಗ ನೆನೆದರೆ ಮುಖ ತಗ್ಗಿಸುವಂತಾಗುತ್ತದೆ.

ಅಂಗಡಿಯ ಒಂದು ಪಕ್ಕ ದಿನಸಿ, ಇನ್ನೊಂದು ಪಕ್ಕ ತರಕಾರಿ. ದಿನಸಿ ಯಜಮಾನರದು, ತರಕಾರಿ ನನ್ನದು. ಒಣ ಸಾಮಾನಿಗೆ ಅವಸರವಿಲ್ಲ, ಹಸಿ ಸಾಮಾನು ಹಾಗಲ್ಲ. ಬೆಳಿಗ್ಗೆ ಬಂದ ಸೊಪ್ಪನ್ನು ಒದ್ದೆ ಗೋಣಿಯ ಮೇಲೆ ಹರಡಬೇಕು, ಕೊತ್ತಂಬರಿಯ ಬೇರನ್ನು ನೀರಿನ ಬೋಗುಣಿಯಲ್ಲಿ ಇಳಿಬಿಡಬೇಕು, ವೀಳ್ಯದೆಲೆಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ನೆರಳಿಗಿಡಬೇಕು. ಮಾಲು ಕಡಿಮೆಯಾದ ದಿನ ಇನ್ನೊಂದು ಕೆಲಸ ಸೇರಿಕೊಳ್ಳುತ್ತಿತ್ತು. ಸೊಪ್ಪಿನ ಕಟ್ಟುಗಳನ್ನು ಬಿಚ್ಚಿ, ಎರಡನ್ನು ಮೂರು ಮಾಡಿ ಮತ್ತೆ ಬಾಳೆನಾರಿನಲ್ಲಿ ಕಟ್ಟುವುದು. ಇದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಹತ್ತು ಮನೆಗೆ ಆಗುವುದು ಹದಿನೈದು ಮನೆಗಾಗಲಿ ಎಂಬುದು ಯಜಮಾನರ ನ್ಯಾಯ, ನಾನೂ ಅದನ್ನೇ ಹೇಳಿಕೊಂಡು ಕಟ್ಟುತ್ತಿದ್ದೆ.

ನಿಂಬೆಹಣ್ಣಿನ ಉಪಚಾರವೇ ಬೇರೆ. ತೊಟ್ಟು ಕಳಚದ ಹಣ್ಣನ್ನು ಆರಿಸಿ, ಬಟ್ಟೆಯಲ್ಲಿ ಒರೆಸಿ, ತೊರೆಯ ಮರಳು ತುಂಬಿದ ಮಡಕೆಯಲ್ಲಿ ಒಂದಕ್ಕೊಂದು ತಾಗದಂತೆ ಹೂಳಬೇಕು. ಮರಳಿಗೆ ದಿನಕ್ಕೊಮ್ಮೆ ನೀರು ಚಿಮುಕಿಸಬೇಕು. ಎರಡು ದಿನಕ್ಕೊಮ್ಮೆ ಎಲ್ಲವನ್ನೂ ತೆಗೆದು ನೋಡಿ, ಮೆತ್ತಗಾದದ್ದನ್ನು ಬೇರೆ ಮಾಡಬೇಕು. ಹೀಗೆ ಮಾಡಿದರೆ ಕಡುಬೇಸಿಗೆಯಲ್ಲೂ ಇಪ್ಪತ್ತು ದಿನ ಹಣ್ಣು ಕೆಡುವುದಿಲ್ಲ. ಒಳಗಿನ ಕೋಣೆಯಲ್ಲಿ ಅಂಥ ಒಂದು ಮಡಕೆ ಸದಾ ಇರುತ್ತಿತ್ತು. ಅದು ಖಾಯಂ ಮನೆಗಳಿಗೆ, ಅಂದರೆ ಚೀಟಿ ಬರೆದು ಆಳಿನ ಕೈಯಲ್ಲಿ ಕಳಿಸುವ ಮನೆಗಳಿಗೆ. ಕಂದಾಯದ ಶೇಕದಾರರ ಮನೆ, ಡಾಕ್ಟರ ಮನೆ, ಹೀಗೆ ನಾಲ್ಕೈದು.

ಇದಲ್ಲದೆ ಅಂಗಡಿಯ ಮುಂದೆ ಒಂದು ಹಿತ್ತಾಳೆ ತಟ್ಟೆ. ಅದರಲ್ಲಿ ಐದು ನಿಂಬೆಹಣ್ಣು. ಅಂಗಡಿಯ ಮುಖ ಬರಿದಾಗಬಾರದೆಂದು ಇಟ್ಟದ್ದು, ಮಾರುವುದಕ್ಕಲ್ಲ. ಒಂದು ಬಾಡಿದರೆ ಮಡಕೆಯಿಂದ ಇನ್ನೊಂದು ತಂದು ಇಡುತ್ತಿದ್ದೆ. ಯಾರಾದರೂ ಅದನ್ನೇ ಕೊಡು ಎಂದರೆ “ಪೂಜೆಗಿಟ್ಟದ್ದು” ಎನ್ನಬೇಕು.

ನಮಗೆ ನಿಂಬೆಹಣ್ಣು ಕೊಡುತ್ತಿದ್ದವರು ತರೀಕೆರೆಯ ಒಬ್ಬ ಸಾಬರು. ಅಮೃತಾಪುರದ ಸುತ್ತಿನ ತೋಟಗಳಲ್ಲಿ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿದು, ಕೀಳಿಸಿ, ವಾರಕ್ಕೆ ಮೂರು ಬುಟ್ಟಿಗಳನ್ನು ಬಸ್ಸಿನ ಮೇಲೆ ಹಾಕಿಸುತ್ತಿದ್ದರು. ಮಾತಿಗೆ ನಿಲ್ಲುವ ಮನುಷ್ಯ. ಹಣ್ಣು ಸಣ್ಣದಿದ್ದರೆ ಅದನ್ನೂ ಕಂಡಕ್ಟರನ ಬಾಯಲ್ಲಿ ಮೊದಲೇ ಹೇಳಿ ಕಳಿಸುವವರು.

ಆ ವರ್ಷ ಹೂವು ಕಾಯಾಗುವ ಹೊತ್ತಿಗೆ ಅಮೃತಾಪುರದ ಕಡೆ ಆಲಿಕಲ್ಲು ಬಿತ್ತು. ಮರದ ಕೆಳಗೆ ಹೂವು ಪಿಂದೆ ಎಲ್ಲ ಹಾಸಿಗೆಯಾಗಿ ಬಿದ್ದಿತ್ತಂತೆ. ಬೇಸಿಗೆ ಏರುತ್ತ ಬಂದಂತೆ ಬುಟ್ಟಿ ಚಿಕ್ಕದಾಯಿತು, ಮೂರಿದ್ದದ್ದು ಎರಡಾಯಿತು, ಒಂದಾಯಿತು. ಒಂದು ಮಂಗಳವಾರ ಬುಟ್ಟಿಯ ಬದಲು ಕಂಡಕ್ಟರ್ ಮಾತ್ರ ಇಳಿದು ಬಂದ.

“ಸಾಬ್ರು ಹೇಳಿ ಕಳಿಸವ್ರೆ. ಮರದಲ್ಲಿರೋ ಕಾಯಿ ಇನ್ನೂ ಗೋಲಿ ಗಾತ್ರ ಐತಂತೆ. ಹದಿನೈದು ದಿನ ನನ್ನ ನೆಚ್ಕಬ್ಯಾಡಿ, ಬೇರೆ ಕಡೆ ನೋಡ್ಕಳಿ ಅಂದ್ರು.”

ನಾನು ಯಜಮಾನರಿಗೆ ತಿಳಿಸಿದೆ. ಅವರು ಬೆಲ್ಲದ ಉಂಡೆ ಒಡೆಯುವುದನ್ನು ನಿಲ್ಲಿಸದೆ ಕೇಳಿದರು.

“ಮಡಕೇಲಿ ಎಷ್ಟವೆ?”

“ಮೂವತ್ತು.”

“ಅದನ್ನ ಮುಟ್ಬ್ಯಾಡ. ಶೇಕದಾರ್ರ ಮನೇಲಿ ನಿಶ್ಚಿತಾರ್ಥ ಐತೆ, ಕೇಳ್ತಾರೆ. ಮಿಕ್ಕೋರಿಗೆ ನಾಳೆ ಅನ್ನು.”

“ಕಡೂರು ಮಂಡಿಗೆ ದಿನಾ ಬಯಲುಸೀಮೆ ಹಣ್ಣು ಬತ್ತದೆ ಯಜಮಾನ್ರೇ. ತರಿಸಾಣ ಇಲ್ಲಾಂದ್ರೆ ಬಂದೋರಿಗೆ ಅಲ್ಲಿಗೋಗಿ ಅಂತ ಹೇಳಾಣ.”

ಅವರು ತಲೆಯೆತ್ತಿದರು. “ನಮ್ಮ ಗಿರಾಕಿಗೆ ನೀನೇ ಇನ್ನೊಬ್ಬನ ಅಂಗಡಿ ದಾರಿ ತೋರಿಸ್ತೀಯೇನೋ? ಒಂದ್ಸಲ ಆ ಮೆಟ್ಲು ಹತ್ತಿದೋರು ಮತ್ತೆ ಇಲ್ಲಿಗೆ ಬತ್ತಾರಾ?”

ನಾನು ಸೊಪ್ಪಿನ ಕಡೆ ತಿರುಗಿದೆ.

ಆ ಮಂಗಳವಾರವೇ ಪಾನಕದಕ್ಕ ಬಂದಳು. ಆಕೆ ಶಿವನಿಯವಳು. ಗ್ಯಾಂಗ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ, ಸ್ಟೇಷನ್ ಮಾಸ್ತರರು ಕನಿಕರದಿಂದ ಪ್ಲಾಟ್‌ಫಾರಂ ಕೊನೆಯ ಬೇವಿನ ಮರದ ನೆರಳಲ್ಲಿ ಬೇಸಿಗೆಯಲ್ಲಿ ಪಾನಕ ಮಾರಲು ಜಾಗ ಕೊಟ್ಟಿದ್ದರು. ಆಗ ಶಿವನಿಯಲ್ಲಿ ಎರಡು ಗಾಡಿಗಳು ಕ್ರಾಸಿಂಗಿಗೆ ಬಹಳ ಹೊತ್ತು ನಿಲ್ಲುತ್ತಿದ್ದವು. ಬಿಸಿಲಲ್ಲಿ ಬೆಂದ ಜನ ಕಿಟಕಿಯಿಂದ ಕೈ ಚಾಚುತ್ತಿದ್ದರು. ಮೂರು ತಿಂಗಳು ಮಾರಿದ ಪಾನಕದಲ್ಲಿ ಆಕೆಯೂ ಅತ್ತೆಯೂ ವರ್ಷದ ರಾಗಿ ಮಾಡಿಕೊಳ್ಳುತ್ತಿದ್ದರು. ದಿನ ಬಿಟ್ಟು ದಿನ ಬೆಳಗಿನ ಗಾಡಿಗೆ ಬಂದು ನಲವತ್ತು ನಿಂಬೆಹಣ್ಣು, ಬೆಲ್ಲ, ಏಲಕ್ಕಿ ಕೊಂಡು, ಮಧ್ಯಾಹ್ನದ ಗಾಡಿ ಶಿವನಿ ಮುಟ್ಟುವುದರೊಳಗೆ ನಡೆದೇ ಊರು ಸೇರುತ್ತಿದ್ದಳು. ನಮ್ಮ ನಾಲ್ಕೈದು ಖಾಯಂ ಮನೆಗಳು ಒಟ್ಟಿಗೆ ತೆಗೆದುಕೊಳ್ಳುವುದಕ್ಕಿಂತ ಹೆಚ್ಚು ಹಣ್ಣನ್ನು ಆಕೆ ಒಬ್ಬಳೇ ಕೊಳ್ಳುತ್ತಿದ್ದಳು. ಆದರೆ ಚೀಟಿ ಕಳಿಸದೆ ತಾನೇ ತಲೆಯ ಮೇಲೆ ಹೊತ್ತುಕೊಂಡು ಹೋಗುವ ಹೆಂಗಸನ್ನು ನಾವು ಖಾಯಂ ಎಂದು ಎಣಿಸುತ್ತಿರಲಿಲ್ಲ.

“ಬುಟ್ಟಿ ನಾಳೆ ಬತ್ತದೆ ಅಕ್ಕ” ಎಂದೆ.

“ಇವತ್ತೊಂದಿನ ಹೆಂಗಾದ್ರೂ ತಳ್ತೀನಿ ಬಿಡು” ಎಂದು ಬೆಲ್ಲ ಮಾತ್ರ ಕೊಂಡು ಹೋದಳು.

ಬುಧವಾರ ಮತ್ತೆ ಬಂದಳು. ಹಿಂದಿನ ದಿನ ಹುಣಸೆಹಣ್ಣು ಕಿವುಚಿ ಪಾನಕ ಮಾಡಿದ್ದಳಂತೆ. ಒಬ್ಬ ಪ್ರಯಾಣಿಕ ಕಿಟಕಿಯಿಂದಾಚೆಗೆ ಉಗಿದು ಬೈದನಂತೆ. ಅದನ್ನು ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿ, “ಮಾಸ್ತರು ಕರೆದು ಹೇಳವ್ರೆ ಕಣಪ್ಪ. ಬೀರೂರಿನ ಸೋಡಾದೋನು ಆ ಜಾಗ ಕೇಳ್ತಾ ಅವ್ನೆ, ಶನಿವಾರದೊಳಗೆ ಸರಿಯಾಗಿ ಪಾನಕ ಶುರು ಮಾಡಮ್ಮ, ಗಾಡಿ ಜನಕ್ಕೆ ನಾನೇನು ಹೇಳ್ಲಿ ಅಂದ್ರು. ನಾಳೆ ಬಂದೇ ಬತ್ತದಾ?” ಎಂದು ಕೇಳಿದಳು.

“ಬತ್ತದೆ ಅಕ್ಕ.”

ಆಕೆಯ ಕಣ್ಣು ತಟ್ಟೆಯ ಮೇಲಿತ್ತು. ಐದು ಹಣ್ಣು ಆಗತಾನೆ ಒರೆಸಿ ಇಟ್ಟಂತೆ ಹೊಳೆಯುತ್ತಿದ್ದವು. ಒರೆಸಿದವನು ನಾನೇ. ಹಣ್ಣು ಪೂರ್ತಿ ನಿಂತುಹೋದ ಅಂಗಡಿಯ ಮುಂದೆ ಹಣ್ಣಿನ ತಟ್ಟೆ ಇರುತ್ತದೆಯೇ? ಆಕೆಗೆ ಧೈರ್ಯ ಕೊಟ್ಟದ್ದರಲ್ಲಿ ನನ್ನ ಮಾತಿಗಿಂತ ಆ ತಟ್ಟೆಯ ಪಾಲು ಹೆಚ್ಚಿರಬೇಕು.

ಗುರುವಾರ ಬಂದವಳು ತನ್ನ ಖಾಲಿ ಬುಟ್ಟಿಯನ್ನು ಕೆಳಗಿಡಲೂ ಇಲ್ಲ. ನಿಂತೇ ಕೇಳಿದಳು.

“ತಮ್ಮಾ, ಒಂದೇ ಮಾತು ಹೇಳು. ಬರೋದಾದ್ರೆ ಕಾಯ್ತೀನಿ. ಬರದಿದ್ರೆ ಈಗಿಂದೀಗ ಗಾಡಿ ಹತ್ತಿ ಕಡೂರಿಗೆ ಹೋಯ್ತೀನಿ. ಒಂದಿನ ಹಾಳಾದ್ರೆ ಆಗ್ಲಿ, ಶುಕ್ರವಾರ ಪಾನಕ ಇಟ್ಬಿಡ್ತೀನಿ. ನಿನ್ನ ಮಾತಿನ ಮೇಲೆ ನಿಂತೀನಿ ಕಣಪ್ಪ.”

ಇದಕ್ಕಿಂತ ಬಿಡಿಸಿ ಕೇಳುವುದು ಹೇಗೆ? ನಾನು ಗದ್ದುಗೆಯ ಕಡೆ ನೋಡಿದೆ. ಯಜಮಾನರು ಪೊಟ್ಟಣ ಕಟ್ಟುತ್ತಿದ್ದರು. ನನ್ನ ಕಡೆ ನೋಡಲೂ ಇಲ್ಲ, ಗದರಲೂ ಇಲ್ಲ. ಈ ಮಾತನ್ನು ನಾನು ಯಾಕೆ ಬರೆಯುತ್ತಿದ್ದೇನೆಂದರೆ, ಎಷ್ಟೋ ವರ್ಷ ಈ ತಪ್ಪನ್ನು ಅವರ ತಲೆಗೆ ಕಟ್ಟಿ ನಾನು ಹಗುರಾಗಿದ್ದೆ. ನಿಜವಾಗಿ ಆ ಹೊತ್ತಿನಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ. ಬಾಯಿ ತನ್ನಷ್ಟಕ್ಕೆ ತಾನೇ ಅಭ್ಯಾಸದ ಮಾತಾಡಿತು.

“ಬತ್ತದೆ ಅಕ್ಕ, ನಾಳೆ.”

“ಅಷ್ಟು ಸಾಕು” ಎಂದು ಹೊರಟುಹೋದಳು.

ಶುಕ್ರವಾರ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಬೆಳಗಿನ ಗಾಡಿಯ ಜನ ಸ್ಟೇಷನ್ ರಸ್ತೆಯಲ್ಲಿ ಬರುವುದು ಅಂಗಡಿಗೆ ಕಾಣುತ್ತಿತ್ತು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಆಕೆ ಬೇಗ ಬೇಗ ನಡೆದು ಬರುತ್ತಿದ್ದಳು. ನಾನು ಎದ್ದು ಒಳಗಿನ ಕೋಣೆಗೆ ಹೋಗಿ ಮಡಕೆಯ ಮುಂದೆ ಕೂತೆ. ಮರಳಿಗೆ ನೀರು ಚಿಮುಕಿಸುವ ಕೆಲಸವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೊರಗೆ ಆಕೆಯ ದನಿ ಕೇಳಿಸಿತು. ಯಜಮಾನರು “ನಾಳೆ ಬತ್ತದೆ ಕಣಮ್ಮ” ಅಂದರು. “ಆ ಹುಡ್ಗ ಎಲ್ಲಿ?” ಎಂದು ಆಕೆ ಕೇಳಿದಳು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಕೈಯ ಕೆಳಗೆ, ತಣ್ಣನೆಯ ಮರಳಿನಲ್ಲಿ, ಮೂವತ್ತರಲ್ಲಿ ಎರಡು ಡಾಕ್ಟರ ಮನೆಗೆ ಹೋಗಿ ಉಳಿದ ಇಪ್ಪತ್ತೆಂಟು ಹಣ್ಣುಗಳಿದ್ದವು.

ಶನಿವಾರ ಗಾಡಿ ಬಂದುಹೋಯಿತು, ಆಕೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಮೊದಲು ಸಮಾಧಾನವಾಯಿತು. ಅದನ್ನೂ ಬಚ್ಚಿಡುವುದಿಲ್ಲ. ಅದಾಗಿ ಸ್ವಲ್ಪ ಹೊತ್ತಿಗೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದ ಕೈ ನಿಂತಿತು. ಮಾಸ್ತರರು ಹೇಳಿದ್ದು ಶನಿವಾರ. ಶನಿವಾರ ಇನ್ನೂ ಮುಗಿದಿರಲಿಲ್ಲ. ಇಪ್ಪತ್ತೆಂಟು ಹಣ್ಣಿದ್ದರೆ ಒಂದು ದಿನದ ಪಾನಕವಾಗುತ್ತದೆ, ಜಾಗ ಉಳಿಯುತ್ತದೆ, ಆಮೇಲೆ ಆಕೆ ಕಡೂರಿಗೆ ಹೋಗಬಹುದು.

ಮಡಕೆ ಬರಿದು ಮಾಡಿದೆ. ಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, “ಶೇಕದಾರ್ರ ಮನೆಗೆ ಕೊಟ್ಟು ಬತ್ತೀನಿ” ಎಂದು ಯಜಮಾನರಿಗೆ ಹೇಳಿದೆ. ಒಂದು ಸುಳ್ಳನ್ನು ಸರಿಮಾಡಲು ಹೊರಟವನು ಇನ್ನೊಂದು ಸುಳ್ಳು ಹೇಳಿಯೇ ಮೆಟ್ಟಿಲಿಳಿದೆ. ಮಧ್ಯಾಹ್ನದ ಗಾಡಿ ಸಿಕ್ಕಿತು. ಅದು ಶಿವನಿಯಲ್ಲಿ ನಿಲ್ಲುವ ಹೊತ್ತಿಗೆ ಡಬ್ಬಿಯ ಜನರೆಲ್ಲ ಕಿಟಕಿಗೆ ಮುತ್ತಿದ್ದರು.

ಇಳಿಯುವ ಮೊದಲೇ ಶಬ್ದ ಕೇಳಿಸಿತು. ಗೋಲಿ ಸೋಡಾದ ಗೋಲಿ ಒಳಗೆ ಬೀಳುವ ‘ಟಪ್’ ಎಂಬ ಶಬ್ದ, ಒಂದರ ಹಿಂದೆ ಒಂದು. ಬೇವಿನ ಮರದಡಿ ಮರದ ಪೆಟ್ಟಿಗೆಗಳು ಸಾಲಾಗಿದ್ದವು. ಸೋಡಾದವನು ಎರಡು ಕೈಯಲ್ಲೂ ಶೀಸೆ ಹಿಡಿದು ಓಡಾಡುತ್ತಿದ್ದ.

ಅವನನ್ನು ಕೇಳಿದೆ. ಅವನು ಒಳ್ಳೆಯ ಮನುಷ್ಯನೇ. “ಅಕ್ಕನ ಜಾಗ ಅಂತ ಗೊತ್ತು ಕಣ್ರೀ. ನಾನೇನು ಕಿತ್ಕೊಂಡಿಲ್ಲ. ಬೆಳಿಗ್ಗೆ ಅವಳೇ ಬಂದು ಮಾಸ್ತರಿಗೆ, ಇನ್ನು ಆಗಲ್ಲ ಸ್ವಾಮಿ ಅಂದ್ಲಂತೆ” ಎಂದ. ಹಸಿರು ಬಾವುಟ ಹಿಡಿದು ನಿಂತಿದ್ದ ಮಾಸ್ತರರು ನನ್ನ ಚೀಲವನ್ನೂ ಮುಖವನ್ನೂ ನೋಡಿ ವಿಷಯ ಊಹಿಸಿರಬೇಕು. “ಬಾಯಾರಿದೋರು ನಾಳೆ ಅಂದ್ರೆ ಕೇಳ್ತಾರೇನ್ರೀ? ಈ ಬೇಸಿಗೆ ಅವನಿಗೇ ಬರೆದುಕೊಟ್ಟಾಯ್ತು” ಎಂದು ಗಾಡಿಯ ಕಡೆ ತಿರುಗಿದರು.

ಆಕೆಯ ಮನೆ ಸ್ಟೇಷನ್ನಿನ ಹಿಂದೆಯೇ. ಪಾನಕದ ದೊಡ್ಡ ಮಡಕೆಯನ್ನು ತೊಳೆದು ಜಗಲಿಯ ಮೇಲೆ ಬೋರಲು ಹಾಕಿದ್ದರು. ಅದಕ್ಕೆ ಸುತ್ತುವ ಕೆಂಪು ಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು. ಆಕೆ, ಆಕೆಯ ಅತ್ತೆ ಇಬ್ಬರೂ ಯಾರದೋ ಮನೆಯ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಕೂಲಿಗೆ ಬೀಜ ಬಿಡಿಸುತ್ತಿದ್ದರು.

“ಬಾರಪ್ಪಾ” ಎಂದಳು. “ಬಿಸಿಲಲ್ಲಿ ಬಂದಿದೀಯ, ಕೂತ್ಕ. ಬುಟ್ಟಿ ಬಂತಾ?”

ಹೂಂ ಎನ್ನಬಹುದಿತ್ತು. ಈಗತಾನೆ ಬಂತು ಎಂದಿದ್ದರೆ ನಂಬುತ್ತಿದ್ದಳು, ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆ ಮಾತು ನಾಲಗೆಯ ತುದಿಗೂ ಬಂದಿತ್ತು.

“ಇಲ್ಲ ಅಕ್ಕ” ಎಂದೆ. “ಬುಟ್ಟಿ ಬಂದಿಲ್ಲ. ಹದಿನೈದು ದಿನ ಬರೋದೂ ಇಲ್ಲ. ನಂಗೆ ಮಂಗಳವಾರನೇ ಗೊತ್ತಿತ್ತು. ಇವು ಒಳಗೆ ಮಡಕೇಲಿ ಇಟ್ಟಿದ್ದವು.”

ಅತ್ತೆ ಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅಕ್ಕ ನಿಲ್ಲಿಸಲಿಲ್ಲ. ಇನ್ನೆರಡು ಹುಣಸೆ ಬಿಡಿಸಿ ಕೇಳಿದಳು.

“ಮಂಗಳವಾರನೇ?”

“ಹೂಂ.”

“ಮಂಗಳವಾರ ಹೇಳಿದ್ರೆ ಬುಧವಾರ ಕಡೂರಿಗೋಗಿ ಬತ್ತಿದ್ದೆ. ಗುರುವಾರ ಪಾನಕ ಇಡ್ತಿದ್ದೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಮಾಡಬಹುದಾಗಿದ್ದ ಕೆಲಸವನ್ನು ಒಂದೊಂದಾಗಿ ತನಗೆ ತಾನೇ ಹೇಳಿಕೊಂಡಂತಿತ್ತು. ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ.

ಕೈ ತೊಳೆದುಕೊಂಡು ಬಂದು ಚೀಲ ಬಿಚ್ಚಿದಳು. ಒಂದು ಹಣ್ಣನ್ನು ತೆಗೆದು ತಿರುಗಿಸಿ ನೋಡಿದಳು, ಮೂಸಿದಳು, ತೊಟ್ಟನ್ನು ಬೆರಳಲ್ಲಿ ಮುಟ್ಟಿದಳು.

“ಚೆನ್ನಾಗಿ ಇಟ್ಟಿದೀಯ ಕಣಪ್ಪ” ಎಂದಳು.

ನನ್ನ ಕೆಲಸವನ್ನು ಅಷ್ಟು ಬಲ್ಲವರು ಯಾರೂ ಹೊಗಳಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಒಂದು ಹಣ್ಣನ್ನು ಹೆಚ್ಚಿ, ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ದೊಡ್ಡ ಲೋಟದಲ್ಲಿ ಪಾನಕ ಮಾಡಿ ನನ್ನ ಮುಂದಿಟ್ಟಳು. ಬೇಡವೆಂದರೂ ಬಿಡಲಿಲ್ಲ. ಬಾಯಾರಿದ್ದು ನಿಜ, ಪೂರ್ತಿ ಕುಡಿದೆ. ಇಷ್ಟು ರುಚಿಯಾದದ್ದನ್ನು ಗಾಡಿಯ ಜನರಿಗೆ ನಾನು ತಪ್ಪಿಸಿದ್ದೆ. ಕುಡಿಯುವಾಗ ಇಬ್ಬರೂ ನನ್ನನ್ನು ನೋಡುತ್ತಿರಲಿಲ್ಲ. ಅದಕ್ಕೂ ಅವರಿಗೆ ನಾನು ಋಣಿ.

ಉಳಿದ ಇಪ್ಪತ್ತೇಳನ್ನು ಅದೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲವನ್ನು ನನ್ನ ಕೈಗೆ ಕೊಟ್ಟಳು.

“ಇಟ್ಕೊ ಅಕ್ಕ. ನಾನಾಗಿ ತಂದಿದ್ದು, ಏನೂ ಕೊಡ್ಬ್ಯಾಡ.”

“ಈಗ ಇವನ್ನಿಟ್ಕೊಂಡು ಏನ್ಮಾಡ್ಲಿ? ಅಂಗಡೀಲೇ ಇರ್ಲಿ. ಬೇಕಾದ್ರೆ ನಾಳೆ ಬತ್ತೀನಿ ಬಿಡಪ್ಪ.”

ಊರಿಗೆ ಮರಳಿ ಹಣ್ಣುಗಳನ್ನು ಮತ್ತೆ ಮರಳಿನಲ್ಲಿ ಹೂತೆ. ಸಂಜೆ ಶೇಕದಾರರ ಮನೆಯಿಂದ ಚೀಟಿ ಬಂತು. ಇಪ್ಪತ್ತೈದು ಹಣ್ಣು ಹೋದವು. ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು “ಹಣ್ಣು ವಾಪಸ್ ಬಂತಲ್ಲ, ಸರಿ” ಅಂದರು.

ಭಾನುವಾರ ಬೆಳಿಗ್ಗೆ ಕಸ ಗುಡಿಸಿ, ನೀರು ಚಿಮುಕಿಸಿದ ಮೇಲೆ ಹಿತ್ತಾಳೆ ತಟ್ಟೆಯನ್ನು ತೆಗೆದು ಒಳಗಿಟ್ಟೆ. ಬೋಣಿಗೆ ಬಂದವನು ಪಕ್ಕದ ಹಳ್ಳಿಯ ಒಬ್ಬ ರೈತ. ಮನೆಯಲ್ಲಿ ಉಪ್ಪಿನಕಾಯಿ ಹಾಕಬೇಕಂತೆ, ಅವನೂ ನಿಂಬೆಹಣ್ಣನ್ನೇ ಕೇಳಿದ.

“ಇಲ್ಲ” ಎಂದೆ. “ಉಪ್ಪಿನಕಾಯಿಗಾಗೋವಷ್ಟು ಹಣ್ಣಿಲ್ಲ, ಇನ್ನೂ ಹತ್ತು ದಿನ ಬರೋದೂ ಇಲ್ಲ ಕಣಣ್ಣ. ಬೇಕೇ ಬೇಕು ಅಂದ್ರೆ ಕಡೂರು ಮಂಡೀಲಿ ಸಿಕ್ತದೆ.”

ಯಜಮಾನರ ಕೈಯಿಂದ ತಕ್ಕಡಿಯ ದಾರ ಜಾರಿತು. “ಲೇ! ಬೋಣಿ ಹೊತ್ನಲ್ಲಿ ಏನ್ಲಾ ಅದು? ಅಂಗಡಿ ಮುಚ್ಚಿಸಬೇಕು ಅಂತಿದೀಯಾ?”

“ಹಂಗನ್ನಿಸಿದ್ರೆ ನನ್ನ ಕೆಲಸ ಬಿಡಿಸಿ ಯಜಮಾನ್ರೇ. ಇಲ್ಲದ್ದನ್ನ ನಾಳೆ ಅನ್ನಕ್ಕೆ ಇನ್ನು ನನ್ನ ಕೈಲಿ ಆಗಲ್ಲ.”

ಅವರ ಮುಖ ಕೆಂಪಾಯಿತು. ರೈತ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಹೇಳಿದ್ದು ಒಳ್ಳೇದಾಯ್ತು ಎಂದು ಗೊಣಗಿ, ಒಂದು ಉಂಡೆ ಬೆಲ್ಲ ಕೊಂಡು ಹೋದ. ಯಜಮಾನರು ನನ್ನ ಕೆಲಸ ಬಿಡಿಸಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಮೂರನೆಯ ದಿನ ತಾವೇ ಒಬ್ಬರಿಗೆ “ಆ ಹುಡ್ಗನ್ನ ಕೇಳಿ, ಇದ್ರೆ ಐತೆ ಅಂತಾನೆ, ಇಲ್ದಿದ್ರೆ ಹೇಳ್ತಾನೆ” ಎಂದು ನನ್ನ ಕಡೆ ಕೈ ತೋರಿಸಿದರು. ಆ ಮಾತನ್ನು ಅವರ ಬಾಯಿಂದ ಹೇಳಿಸಲು ನಮಗೆ ತಗುಲಿದ್ದು ಇನ್ನೊಬ್ಬರ ಮನೆಯ ಒಂದು ವರ್ಷದ ರಾಗಿ.

ಆದರೆ ಆ ಭಾನುವಾರ, ರೈತ ಹೋದ ಸ್ವಲ್ಪ ಹೊತ್ತಿಗೆ ಸ್ಟೇಷನ್ ಕಡೆಯಿಂದ ಗಾಡಿ ಕೂಗಿತು. ಮಡಕೆಯಲ್ಲಿ ಎರಡೇ ಹಣ್ಣು ಉಳಿದಿದ್ದವು. ತಟ್ಟೆಯ ಐದನ್ನೂ ಸೇರಿಸಿ ಏಳನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತೆ. ಟ್ರಂಕು ಹೊತ್ತ ಒಬ್ಬ ಬಂದ, ಕೈಮಗುವಿನ ಜೊತೆ ಇಬ್ಬರು ಹೆಂಗಸರು ಬಂದರು, ಅವರ ಹಿಂದೆ ಒಂದು ಎತ್ತಿನ ಗಾಡಿ ಬಂತು. ಕೆಂಪು ಸೆರಗು ಕಾಣಲಿಲ್ಲ. ‘ನಾಳೆ ಬತ್ತೀನಿ’ ಎಂದರೆ ಏನು ಎಂಬುದು ಅಜ್ಜಂಪುರದಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ರಸ್ತೆ ಪೂರ್ತಿ ಬರಿದಾಗುವವರೆಗೆ ನಿಂತೇ ಇದ್ದೆ. ಸೋಮವಾರ ಗಾಡಿ ಕೂಗಿದಾಗಲೂ ನಿಂತೆ.